ಒಳಗೆ ಯಾರಿದ್ದಾರೆ

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಮದುವೆಯಾದ ಹೊಸದರಲ್ಲೇ ಕಂಡುಹಿಡಿದಿದ್ದರು. ಅಳು ಮಾತ್ರ ನನಗೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ಆದರೆ ಹೋದ ವರ್ಷ ಆಯುಧಪೂಜೆಯ ಮಧ್ಯಾಹ್ನ, ನಮ್ಮ ಬೀದಿಯವರೆಲ್ಲ ಸ್ಕೂಟರ್ ತೊಳೆದು ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದ ಹೊತ್ತಿನಲ್ಲಿ, ಪದ್ಮನಾಭನಗರದ ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು ಅತ್ತುಬಿಟ್ಟೆ. ಎದುರಿಗೆ ಲ್ಯಾಪ್‌ಟಾಪ್ ಇತ್ತು. ಅದರ ಪರದೆ ಪೂರ್ತಿ ಕಪ್ಪು. ನಡುವೆ ಮೌಸಿನ ಒಂದು ಬಿಳಿ ಬಾಣ, ಅಷ್ಟೇ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವರು ಕೂತಿದ್ದರು. ನಾನು ಅಳುವುದನ್ನು ನೋಡುತ್ತಿದ್ದರೋ, ನನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದರೋ ಹೇಳುವಂತಿರಲಿಲ್ಲ.

ಆ ಕಪ್ಪು ಪರದೆಯ ಆಚೆ ಇದ್ದದ್ದು ನನ್ನ ಆಫೀಸು. ಜಯನಗರದಲ್ಲಿ, ಕಣ್ಣು ಕಾಣದ ಮಕ್ಕಳಿಗೆ ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡುವ ಒಂದು ಸಣ್ಣ ಸಂಸ್ಥೆ. ಎರಡು ಕೋಣೆ, ಓದುವವರು ಕೂರುವ ಒಂದು ಗಾಜಿನ ಗೂಡು, ಮೂಲೆಯಲ್ಲಿ ಒಂದು ಸರ್ವರ್. ಸರ್ವರ್ ಎಂದರೆ ದೊಡ್ಡದೇನಲ್ಲ, ಯಾರೋ ದಾನ ಕೊಟ್ಟ ಹಳೇ ಕಂಪ್ಯೂಟರ್. ಅದರಲ್ಲಿ ಲಿನಕ್ಸ್ ಇದೆ, ಏಕೆಂದರೆ ಅದು ಪುಕ್ಕಟೆ. ಎಲ್ಲ ಪುಸ್ತಕಗಳ ಧ್ವನಿಯೂ ಅದರೊಳಗಿದೆ. ಅದನ್ನು ಜೋಡಿಸಿಕೊಟ್ಟ ಪುಣ್ಯಾತ್ಮ ಆರು ತಿಂಗಳಿಗೆ ಬೇರೆ ಕಡೆ ಹೋದ. ಧ್ವನಿ ತಿದ್ದುವ ಕೆಲಸಕ್ಕೆ ಸೇರಿದ್ದ ನನ್ನ ತಲೆಗೆ ಆ ಯಂತ್ರವೂ ಬಂತು. ಬೈದುಕೊಂಡು ಕಲಿತೆ. ಬೈದುಕೊಂಡು ಕಲಿತದ್ದು ಮರೆಯುವುದಿಲ್ಲ, ಅದೊಂದು ಅನುಕೂಲ.

ನನ್ನ ಗಂಡ ಅಲ್ಲಿ ಸಂಜೆ ಹೊತ್ತು ಬಂದು ಓದುತ್ತಿದ್ದರು. ಅವರು ಪದ್ಮನಾಭನಗರದಲ್ಲೇ ಒಂದು ಟ್ಯೂಷನ್ ಸೆಂಟರಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದವರು, ನದಿಗಳ ಹೆಸರು ಹೇಳುವಾಗ ನೆಂಟರ ಹೆಸರು ಹೇಳಿದಷ್ಟು ಸಲಿಗೆ. ನಮ್ಮಲ್ಲಿ ಓದುವವರಿಗೆ ಒಂದು ಪದ್ಧತಿ ಇದೆ. ತಪ್ಪು ಓದಿದರೆ ಅಯ್ಯೋ, ಸಾರಿ ಅನ್ನಬಾರದು, ರೆಕಾರ್ಡಿಂಗ್ ನಿಲ್ಲಿಸಲೂ ಬಾರದು. ಬೆರಳಿನ ಗೆಣ್ಣಿನಿಂದ ಮೇಜಿಗೆ ಒಂದು ಸಲ ಟಕ್ ಎಂದು ಹೊಡೆದು, ಆ ವಾಕ್ಯವನ್ನು ಮೊದಲಿಂದ ಓದಬೇಕು. ಕಂಪ್ಯೂಟರಿನಲ್ಲಿ ಕಾಣುವ ಧ್ವನಿಯ ಗೆರೆಯಲ್ಲಿ ಆ ಟಕ್ ಎದ್ದು ನಿಲ್ಲುತ್ತದೆ. ತಿದ್ದುವವಳು ಅದನ್ನು ನೋಡಿ ಹಿಂದಕ್ಕೆ ಹೋಗಿ, ತಪ್ಪು ವಾಕ್ಯವನ್ನೂ ಟಕ್ಕನ್ನೂ ಕತ್ತರಿಸಿ ಬಿಸಾಡುತ್ತಾಳೆ. ಇದು ನಮ್ಮ ಮನೆಗೂ ಬಂದುಬಿಟ್ಟಿತ್ತು. ನಾನು ಕೋಪದಲ್ಲಿ ಏನಾದರೂ ಒರಟಾಗಿ ಹೇಳಿದರೆ ಅವರು ಊಟದ ಮೇಜಿಗೆ ಟಕ್ ಅನ್ನುತ್ತಿದ್ದರು. ನಾನು ಅದೇ ಮಾತನ್ನು ಮೊದಲಿಂದ, ಸ್ವಲ್ಪ ಮೆತ್ತಗೆ ಹೇಳಬೇಕು. ಎಷ್ಟೋ ಜಗಳ ಹಾಗೇ ಮುಗಿದಿವೆ.

ಆಷಾಢದಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಗಿನಲ್ಲಿ ಹೋದವು. ಕಾಲು ಸ್ವಲ್ಪ ವಾಪಸ್ ಬಂತು. ಮಾತು ಬರಲಿಲ್ಲ. ಎಷ್ಟು ಅರ್ಥವಾಗುತ್ತದೆ ಎಂದು ಕೇಳಿದ್ದಕ್ಕೆ ಡಾಕ್ಟರು, ಈಗಲೇ ಹೇಳೋಕಾಗಲ್ಲ ಎಂದರು. ಮೂಗು ತೋರಿಸಿ ಅಂದರು, ಅವರು ತೋರಿಸಲಿಲ್ಲ. ಕಣ್ಣು ಮುಚ್ಚಿ ಅಂದರು, ಮುಚ್ಚಲಿಲ್ಲ. ಕರೆದರೆ ತಿರುಗುತ್ತಿದ್ದರು, ಊಟ ಕೊಟ್ಟರೆ ಉಣ್ಣುತ್ತಿದ್ದರು. ಒಂದು ತಿಂಗಳು ನಾನು ಅವರ ಮುಖದಲ್ಲಿ ಹುಡುಕಿದೆ, ಎರಡನೇ ತಿಂಗಳೂ ಹುಡುಕಿದೆ. ಮೂರನೆಯದರಲ್ಲಿ ಹುಡುಕುವುದನ್ನು ಬಿಟ್ಟೆ. ಬಿಟ್ಟದ್ದು ನನಗೇ ಗೊತ್ತಾಗಲಿಲ್ಲ.

ಅವರನ್ನು ಒಬ್ಬರನ್ನೇ ಬಿಡುವಂತಿರಲಿಲ್ಲ. ಮನೆಗೆ ಬಂದು ನೋಡಿಕೊಳ್ಳುವವರನ್ನು ಇಬ್ಬರನ್ನು ಇಟ್ಟು ನೋಡಿದೆ. ಒಬ್ಬಾಕೆ ಮೂರನೇ ದಿನದಿಂದ ಫೋನೇ ಎತ್ತಲಿಲ್ಲ. ಇನ್ನೊಬ್ಬ ಅವರನ್ನು ಟವೆಲ್ಲಿನಿಂದ ಕುರ್ಚಿಗೆ ಕಟ್ಟಿಹಾಕಿ ಟೀವಿ ನೋಡುತ್ತಿದ್ದ. ಆ ದಿನ ನಾನು ಅವನಿಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಉಳಿದದ್ದು ಎರಡೇ ದಾರಿ. ನಾನು ಮನೆಯಲ್ಲೇ ಕೂತು ಜಯನಗರದ ಯಂತ್ರದಲ್ಲಿ ಕೆಲಸ ಮಾಡಬೇಕು. ಇಲ್ಲವೇ ಅವರನ್ನು ಕೋಣನಕುಂಟೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಒಂದು ಮನೆಗೆ ಸೇರಿಸಿ ನಾನು ಆಫೀಸಿಗೆ ಹೋಗಬೇಕು. ಆ ಮನೆಯನ್ನು ನೋಡಿಕೊಂಡು ಬಂದಿದ್ದೆ. ಚೊಕ್ಕಟವಾಗಿತ್ತು. ಹತ್ತು ಜನ ಸಾಲಾಗಿ ಕೂತು ಒಂದೇ ಟೀವಿ ನೋಡುತ್ತಿದ್ದರು.

ಧ್ವನಿಯ ಕಡತಗಳನ್ನು ಮನೆಗೆ ತಂದು ತಿದ್ದಬಹುದಲ್ಲ ಎಂದು ಯಾರಾದರೂ ಕೇಳುತ್ತೀರಿ. ಎಲ್ಲರೂ ಕೇಳಿದರು. ರೆಕಾರ್ಡಿಂಗ್ ಆಫೀಸಿನ ಯಂತ್ರ ಬಿಟ್ಟು ಹೊರಗೆ ಹೋಗುವುದಿಲ್ಲ ಎಂದು ಸಂಸ್ಥೆಯವರು ಪ್ರಕಾಶಕರಿಗೆ ಬರೆದುಕೊಟ್ಟಿದ್ದಾರೆ. ಹಾಗಾಗಿ ಅದು ಅಲ್ಲೇ ಇರಬೇಕು, ನಾನು ಇಲ್ಲಿಂದ ಅದರ ಪರದೆಯನ್ನು ನೋಡುತ್ತಾ ತಿದ್ದಬೇಕು. ರಿಮೋಟ್ ಡೆಸ್ಕ್‌ಟಾಪ್ ಎಂದರೆ ಅಷ್ಟೇ, ಕೈ ಇಲ್ಲಿ, ಕೆಲಸ ಅಲ್ಲಿ. ಸಂಸ್ಥೆಯ ಕಾರ್ಯದರ್ಶಿಯವರು ಒಳ್ಳೆಯ ಮನುಷ್ಯರು, ಮಾಡಿ ನೋಡಿ ಎಂದರು.

ಮನೆಯಿಂದ ಆ ಯಂತ್ರಕ್ಕೆ ಮೊದಲೇ ಒಂದು ಕಿರುದಾರಿ ಇತ್ತು. ಬರೀ ಅಕ್ಷರ ಟೈಪ್ ಮಾಡಿ ಆಜ್ಞೆ ಕೊಡುವ ದಾರಿ, ಚಿತ್ರವಿಲ್ಲ, ಶಬ್ದವಿಲ್ಲ. ಅದರ ಮೂಲಕ ಹೋಗಿ ದೊಡ್ಡ ದಾರಿಯನ್ನು ಹಾಕಲು ಕೂತೆ. ಮೊದಲನೇ ದಿನವೇ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ. ಯಾರು ಬೇಕಾದರೂ ಒಳಗೆ ನುಗ್ಗಬಾರದು ಎಂದು ಯಂತ್ರಕ್ಕೆ ಕಾವಲು ಹಾಕಿದೆ. ಹಾಕುವ ಮುಂಚೆ ನನ್ನ ಕಿರುದಾರಿಯನ್ನು ತೆರೆದೇ ಇಡು ಎಂದು ಅದಕ್ಕೆ ಹೇಳಬೇಕಿತ್ತು. ಹೇಳಲಿಲ್ಲ. ಕಾವಲು ಶುರುವಾದ ಕ್ಷಣವೇ ಅದು ನನ್ನನ್ನೂ ಹೊರಗೆ ಹಾಕಿ ಬಾಗಿಲು ಮುಚ್ಚಿತು.

ಇನ್ನು ಜಯನಗರಕ್ಕೆ ಹೋಗಿ ಆ ಕೀಬೋರ್ಡಿನ ಮುಂದೆ ಕೂತೇ ಸರಿಮಾಡಬೇಕು. ಪಕ್ಕದ ಮನೆಯ ಆಂಟಿಯನ್ನು ಕೂರಿಸಿ, ಒಂದು ಗಂಟೆ ಅಷ್ಟೇ ಎಂದು ಹೇಳಿ ಆಟೋ ಹಿಡಿದೆ. ಅಲ್ಲಿ ಕೆಲಸ ಎರಡು ನಿಮಿಷದ್ದು. ವಾಪಸ್ ಬರುವಾಗ ಬನಶಂಕರಿ ಸಿಗ್ನಲ್ಲಿನಲ್ಲಿ ಆಂಟಿಯ ಫೋನು. ನನ್ನ ಗಂಡ ಕುರ್ಚಿಯಿಂದ ಜಾರಿ ಬಿದ್ದಿದ್ದರು. ಆಂಟಿಗೂ ಎಪ್ಪತ್ತಾಗಿದೆ, ಎತ್ತಲಾಗದೆ ತಾವೂ ಪಕ್ಕದಲ್ಲಿ ನೆಲದ ಮೇಲೆ ಕೂತು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ನಾನು ಬಂದು ಬಾಗಿಲು ತೆಗೆದಾಗ ಇಬ್ಬರೂ ಹಾಗೇ ಇದ್ದರು. ಹುಬ್ಬಿನ ಮೇಲೆ ಒಂದು ಗಾಯ, ಹೊಲಿಗೆ ಬೇಕಾಗಲಿಲ್ಲ. ಅವರನ್ನು ಬಿಟ್ಟು ಇನ್ನು ಹೊಸಿಲು ದಾಟುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ಕಾರ್ಯದರ್ಶಿಯವರ ತಾಳ್ಮೆಗೂ ಒಂದು ಮಿತಿ ಇತ್ತು. ಹತ್ತನೇ ತರಗತಿಯ ಭೂಗೋಳ ಪುಸ್ತಕದಲ್ಲಿ ಒಂದೇ ಒಂದು ಪಾಠ ಬಾಕಿ ಉಳಿದಿತ್ತು, ಮಕ್ಕಳು ಅರ್ಧವಾರ್ಷಿಕ ಪರೀಕ್ಷೆಯಿಂದ ಕಾಯುತ್ತಿದ್ದರು. ವಿಜಯದಶಮಿಯ ಮಾರನೇ ದಿನ ಆಫೀಸು ತೆರೆದಾಗ ಆ ಪಾಠ ತಿದ್ದಿ ಮುಗಿದಿರಬೇಕು, ಇಲ್ಲದಿದ್ದರೆ ಆಫೀಸಿಗೆ ಬರಬಲ್ಲವರನ್ನು ಹುಡುಕಬೇಕಾಗುತ್ತದೆ ಎಂದು ಅವರು ಬಹಳ ಸಂಕೋಚದಿಂದಲೇ ಹೇಳಿದರು. ಕೋಣನಕುಂಟೆಯವರೂ ಅದೇ ದಿನದವರೆಗೆ ಒಂದು ಹಾಸಿಗೆ ಖಾಲಿ ಇಡುತ್ತೇವೆ ಎಂದಿದ್ದರು. ಎರಡು ಕಡೆಯಿಂದಲೂ ಒಂದೇ ತಾರೀಖು.

ಆ ಬಾಕಿ ಪಾಠ ಓದಿದ್ದವರು ನನ್ನ ಗಂಡ. ಸ್ಟ್ರೋಕ್ ಆಗುವುದಕ್ಕೆ ಎರಡು ದಿನ ಮುಂಚೆ ಓದಿದ್ದು. ನಾಲ್ಕು ತಿಂಗಳಿಂದ ನಾನು ಬೇರೆ ಬೇರೆ ಪುಸ್ತಕಗಳ ನೆಪ ಹೇಳಿ ಅದನ್ನು ಮುಂದೆ ತಳ್ಳುತ್ತಾ ಬಂದಿದ್ದೆ. ಅವರ ದನಿ ಕೇಳುವ ಧೈರ್ಯ ನನಗಿರಲಿಲ್ಲ, ಅದು ಸತ್ಯ.

ದುರ್ಗಾಷ್ಟಮಿಯ ದಿನ ಆಫೀಸಿನ ಪರದೆ ಮೊದಲ ಸಲ ನಮ್ಮ ಮನೆಯ ಮೇಜಿನ ಮೇಲೆ ಮೂಡಿತು. ಅದೇ ನೀಲಿ ಹಿನ್ನೆಲೆ, ಅದೇ ಅಸ್ತವ್ಯಸ್ತ ಚಿಹ್ನೆಗಳು. ಎದ್ದು ಕಾಫಿ ಮಾಡಿಕೊಂಡು ಕುಡಿದೆ. ಆಮೇಲೆ ಒಂದು ಕಡತ ತೆರೆದು ನೋಡಿದರೆ ಧ್ವನಿಯ ಗೆರೆ ಓಡುತ್ತಿದೆ, ಶಬ್ದವೇ ಇಲ್ಲ. ಪರದೆ ಬಂದರೆ ಶಬ್ದವೂ ಬರುತ್ತದೆ ಎಂದುಕೊಂಡದ್ದು ನನ್ನ ದಡ್ಡತನ. ಶಬ್ದಕ್ಕೆ ಬೇರೆಯೇ ಸೇತುವೆ ಕಟ್ಟಬೇಕಂತೆ, ಅದನ್ನು ಅಂಗಡಿಯಿಂದ ತಂದಂತೆ ತರಲಾಗುವುದಿಲ್ಲ, ಆ ಯಂತ್ರದಲ್ಲೇ ಕೂತು ತಯಾರಿಸಬೇಕು. ಅವರಿಗೆ ಗಂಜಿ ಕುಡಿಸುತ್ತಾ, ಬಾಯಿ ಒರೆಸುತ್ತಾ, ನಡುನಡುವೆ ಬಂದು ಒಂದೊಂದು ಸಾಲು ಟೈಪ್ ಮಾಡುತ್ತಾ ಸಂಜೆಗೆ ಮುಗಿಸಿದೆ. ಒಮ್ಮೆ ಯಂತ್ರದಿಂದ ಲಾಗ್ ಔಟ್ ಆಗಿ ಹೊರಗೆ ಹೋಗಿ ಮತ್ತೆ ಒಳಗೆ ಬಂದರೆ ಶಬ್ದ ಬರುತ್ತದೆ ಎಂದು ಬರೆದಿತ್ತು. ಹೊರಗೆ ಹೋದೆ. ನಾಳೆ ನೋಡೋಣ ಎಂದು ಲ್ಯಾಪ್‌ಟಾಪ್ ಮುಚ್ಚಿದೆ.

ಮಾರನೆಯ ದಿನ ಆಯುಧಪೂಜೆ. ಅವರಿಗೆ ಸ್ನಾನ ಮಾಡಿಸಿ, ಒಗೆದ ಪಂಚೆ ಉಡಿಸಿ, ಕುರ್ಚಿಗೂ ಒಂದು ಕುಂಕುಮದ ಬೊಟ್ಟಿಟ್ಟು, ಹನ್ನೆರಡು ಗಂಟೆಗೆ ಮೇಜಿನ ಮುಂದೆ ಕೂತೆ. ಯಂತ್ರ ನನ್ನ ಹೆಸರು ಒಪ್ಪಿತು, ಪಾಸ್‌ವರ್ಡ್ ಒಪ್ಪಿತು, ಒಳಗೆ ಬಿಟ್ಟುಕೊಂಡಿತು. ಆಮೇಲೆ ಕಪ್ಪು.

ಮೊದಲು ನಗು ಬಂತು. ನಿಧಾನ ಇರಬಹುದು ಎಂದು ಕಾದೆ. ಹೊರಗೆ ಬಂದು ಮತ್ತೆ ಹೋದೆ, ಕಪ್ಪು. ಪರದೆಯನ್ನು ಇಲ್ಲಿಗೆ ಕಳಿಸುವ ತಂತ್ರಾಂಶವನ್ನು ನಿಲ್ಲಿಸಿ ಮತ್ತೆ ಶುರು ಮಾಡಿದೆ, ಕಪ್ಪು. ಹಿಂದಿನ ದಿನ ನಾನು ಕಟ್ಟಿದ ಶಬ್ದದ ಸೇತುವೆಯೇ ಎಲ್ಲ ಕೆಡಿಸಿದೆ ಎಂದು ಅದನ್ನು ಕಿತ್ತೆ, ಕಪ್ಪು. ಮತ್ತೆ ಹಾಕಿದೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಜಗತ್ತಿನ ಮೂಲೆಮೂಲೆಯಲ್ಲಿ ನನ್ನಂಥ ಬಡಪಾಯಿಗಳು ಇದೇ ಕಪ್ಪು ಪರದೆಯ ಮುಂದೆ ಕೂತಿದ್ದರು. ಒಬ್ಬ ಆ ಸಾಲು ಅಳಿಸು ಅನ್ನುತ್ತಾನೆ, ಅವನ ಕೆಳಗಿನವನು ಅಳಿಸಿದರೆ ಕೆಟ್ಟೆ ಅನ್ನುತ್ತಾನೆ, ಮೂರನೆಯವನು ನನಗೂ ಹಾಗೇ ಆಗಿತ್ತು, ಸರಿಹೋಯಿತು, ಥ್ಯಾಂಕ್ಸ್ ಎಂದು ಬರೆದು ಮಾಯವಾಗಿದ್ದಾನೆ. ಹೇಗೆ ಸರಿಹೋಯಿತು ಎಂದು ಹೇಳಲು ಅವನ ಗಂಟೇನು ಹೋಗುತ್ತಿತ್ತು? ಅವನಿಗೆ ಬಾಯಿಗೆ ಬಂದಂತೆ ಬೈದೆ, ಕನ್ನಡದಲ್ಲಿ, ನಮ್ಮ ಹಾಲ್‌ನಲ್ಲಿ.

ಯಂತ್ರವನ್ನೇ ಒಮ್ಮೆ ಆರಿಸಿ ಹತ್ತಿಸಬಹುದಿತ್ತು. ಆದರೆ ಆ ಮುದಿಯಂತ್ರಕ್ಕೆ ಒಂದು ಕೆಟ್ಟ ಚಾಳಿ. ಆರಿಸಿದ ಮೇಲೆ ಅದರ ಎದುರು ನಿಂತು ಕೀಬೋರ್ಡಿನ ಒಂದು ಗುಂಡಿ ಒತ್ತುವವರೆಗೂ ಅದು ಏಳುವುದಿಲ್ಲ. ಒತ್ತಲು ಅಲ್ಲಿ ಯಾರೂ ಇಲ್ಲ. ಬೀಗದ ಕೈ ಕಾರ್ಯದರ್ಶಿಯವರ ಹತ್ತಿರ, ಅವರು ಬೆಳಿಗ್ಗೆ ಪೂಜೆ ಮುಗಿಸಿ ಊರಿಗೆ ಹೋಗಿದ್ದರು, ಫೋನ್ ಸಿಗುತ್ತಿರಲಿಲ್ಲ. ಆರಿಸಿದರೆ ಈಗಿರುವ ಕಿರುದಾರಿಯೂ ಹೋಗುತ್ತದೆ. ಅತ್ತದ್ದು ಆಗಲೇ.

ಆ ಹೊತ್ತಿಗೆ ಸರಿಯಾಗಿ ಕೋಣನಕುಂಟೆಯ ಮ್ಯಾನೇಜರ್ ಫೋನ್ ಮಾಡಿದರು. ಹಬ್ಬದ ಶುಭಾಶಯ ಹೇಳಿ, ಹಾಸಿಗೆ ಬೇಕೋ ಬೇಡವೋ ಎಂದು ಮೆತ್ತಗೆ ಕೇಳಿದರು. ನಾನು ನನ್ನ ಗಂಡನ ಕುರ್ಚಿಯ ಪಕ್ಕದಲ್ಲೇ ನಿಂತು ಮಾತಾಡಿದೆ. ಬೇರೆ ಕೋಣೆಗೆ ಹೋಗಬೇಕು ಎಂದು ಹೊಳೆಯಲೂ ಇಲ್ಲ. ಬಹುಶಃ ನಾಡಿದ್ದು ಕರೆದುಕೊಂಡು ಬರುತ್ತೇನೆ ಎಂದೆ. ಹೊಸ ಜಾಗಕ್ಕೆ ಬಂದರೆ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ, ಮೊದಲೇ ಸ್ವಲ್ಪ ಹೇಳಿ ತಯಾರು ಮಾಡಿ ಎಂದು ಮ್ಯಾನೇಜರ್ ಅಂದಾಗ ನನ್ನ ಬಾಯಿಂದ ಬಂದ ಮಾತು ಇಷ್ಟು: "ಅವ್ರಿಗೆ ಎಲ್ಲಿದ್ರೂ ಒಂದೇ ಬಿಡಿ. ಏನೂ ಗೊತ್ತಾಗಲ್ಲ."

ಆ ಸಂಜೆ ಅವರು ಊಟ ಮಾಡಲಿಲ್ಲ. ಬಾಯಿಗೆ ಹಿಡಿದ ಚಮಚವನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದರು. ಬೆಳಿಗ್ಗೆ ಕೊಟ್ಟ ಹೋಳಿಗೆ ಹೆಚ್ಚಾಗಿರಬೇಕು ಎಂದುಕೊಂಡೆ.

ವಿಜಯದಶಮಿಯ ಬೆಳಿಗ್ಗೆ ಹಠ ಬಿಟ್ಟುಹೋಗಿತ್ತು. ಹೆದರಿಕೆ ಮಾತ್ರ ಇತ್ತು. ಅಟ್ಟದಿಂದ ಅವರ ಹಳೇ ಸೂಟ್‌ಕೇಸ್ ಇಳಿಸಿದೆ. ನಾಲ್ಕು ಪಂಚೆ, ನಾಲ್ಕು ಶರ್ಟು, ಮಾತ್ರೆಯ ಡಬ್ಬಿ ಇಟ್ಟೆ. ಕನ್ನಡಕ ಇಡಬೇಕೋ ಬೇಡವೋ ಎಂದು ಯೋಚಿಸುತ್ತಾ ನಿಂತೆ. ಓದುವುದಿಲ್ಲವಲ್ಲ, ಯಾಕೆ ಎಂದುಕೊಂಡು ಟೀವಿಯ ಮೇಲೆ ಇಟ್ಟೆ. ಅವರು ಕುರ್ಚಿಯಿಂದ ನೋಡುತ್ತಿದ್ದರು. ಎಡಗೈ ಕುರ್ಚಿಯ ತೋಳಿನ ಮೇಲೆ ಅಲ್ಲಾಡಿತು. ಸೊಳ್ಳೆ ಇರಬೇಕು ಎಂದು ಫ್ಯಾನ್ ಹಾಕಿದೆ.

ಕೊನೆಯ ಸಲ ಎಂದು ಮೇಜಿನ ಮುಂದೆ ಕೂತೆ. ಕಿರುದಾರಿಯಿಂದ ಒಳಗೆ ಹೋಗಿ ಏನು ಮಾಡಲೂ ತೋಚದೆ, ಒಳಗೆ ಯಾರಿದ್ದಾರೆ ಎಂದು ಯಂತ್ರವನ್ನು ಕೇಳುವ ಮೂರಕ್ಷರದ ಒಂದು ಆಜ್ಞೆ ಇದೆ, ಅದನ್ನು ಕೊಟ್ಟೆ. ಅದು ಎಲ್ಲರೂ ಮೊದಲ ವಾರದಲ್ಲೇ ಕಲಿಯುವ ಆಜ್ಞೆ. ನಿನ್ನೆ ಮಧ್ಯಾಹ್ನದಿಂದ ನಾನು ಏನೇನೋ ಕಿತ್ತಿದ್ದೆ, ಏನೇನೋ ಹಾಕಿದ್ದೆ, ಇದನ್ನು ಕೇಳಿರಲಿಲ್ಲ. ಯಾರೂ ಇಲ್ಲ ಎಂದು ನನಗೆ ಗೊತ್ತಿತ್ತಲ್ಲ, ಆಫೀಸಿಗೆ ಬೀಗ ಹಾಕಿತ್ತಲ್ಲ.

ಯಂತ್ರ ಎರಡು ಸಾಲಿನ ಉತ್ತರ ಕೊಟ್ಟಿತು. ಒಂದರಲ್ಲಿ ನನ್ನ ಹೆಸರು, ನನ್ನ ಮನೆಯಿಂದ. ಇನ್ನೊಂದರಲ್ಲೂ ನನ್ನದೇ ಹೆಸರು, ಆಫೀಸಿನಲ್ಲಿ ಯಂತ್ರದ ಎದುರಿಗೆ, ನಿನ್ನೆ ಬೆಳಿಗ್ಗೆ ಒಂಬತ್ತರಿಂದ. ನಾನು ಅಲ್ಲಿ ಕೂತಿದ್ದೆ.

ಆಫೀಸು ಗುಡಿಸಿ ಒರೆಸಿ ಟೀ ಮಾಡಿಕೊಡುವ ಅಕ್ಕನಿಗೆ ಫೋನ್ ಮಾಡಿದೆ. ಬನಶಂಕರಿಯಲ್ಲಿ ಅವರ ಮನೆ, ಹಿಂದೆ ಯಾವುದೋ ಮಕ್ಕಳು ಕೂಗಾಡುತ್ತಿದ್ದರು. ನಿನ್ನೆ ಪೂಜೆ ಹೊತ್ತಲ್ಲಿ ನನ್ನ ಮಿಷಿನ್ ಯಾರು ಮುಟ್ಟಿದ್ದು ಎಂದು ಕೇಳಿದೆ. ಕೇಳಿದ ದನಿ ಒಳ್ಳೆಯದಿರಲಿಲ್ಲ. ಅವರಿಗೆ ಅದು ಗೊತ್ತಾಗಲೇ ಇಲ್ಲ, ಖುಷಿಯಿಂದ ಹೇಳಿದರು.

"ನಿಮ್ ಮಿಷಿನ್‌ಗೇ ಫಸ್ಟ್ ಪೂಜೆ ಮಾಡಿದ್ದು ಮೇಡಂ. ದೇವಿ ಫೋಟೊ ಗ್ಲಾಸ್ ಒಡ್ದೋಗಿತ್ತಲ್ಲ, ಅದಕ್ಕೆ ಸ್ಕ್ರೀನಲ್ಲೇ ಚಾಮುಂಡಿ ತಾಯೀನ ಕೂರಿಸ್ದೆ. ಕೀಬೋರ್ಡ್ ಕೆಳಗೆ ನೀವೇ ಚೀಟಿ ಅಂಟಿಸಿದ್ರಲ್ಲ, ಅದನ್ನ ನೋಡ್ಕೊಂಡು ಒತ್ತಿ ಒಳಗೋದೆ. ಎಷ್ಟ್ ಚೆನ್ನಾಗ್ ಕಾಣ್ತಿತ್ತು ಗೊತ್ತಾ."

ಚೀಟಿ ಅಂಟಿಸಿದವಳು ನಾನೇ. ಎಲ್ಲರಿಗೂ ಬೇರೆ ಬೇರೆ ಹೆಸರು ಮಾಡಿಕೊಡುವ ಸೋಮಾರಿತನಕ್ಕೆ ನನ್ನ ಹೆಸರನ್ನೇ ಇಡೀ ಆಫೀಸಿಗೆ ಕೊಟ್ಟು, ಪಾಸ್‌ವರ್ಡ್ ಬರೆದು ಕೀಬೋರ್ಡಿನ ಹೊಟ್ಟೆಗೆ ಅಂಟಿಸಿದ್ದೆ. ಅದೇ ಹೆಸರಿನಲ್ಲಿ ಒಬ್ಬರು ಯಂತ್ರದ ಎದುರು ಒಳಗಿದ್ದರೆ, ದೂರದಿಂದ ಬಂದವರಿಗೆ ಅದು ಬಾಗಿಲು ತೆಗೆಯುತ್ತದೆ, ಆದರೆ ಏನನ್ನೂ ತೋರಿಸುವುದಿಲ್ಲ. ನಿನ್ನೆಯಿಂದ ನಾನು ಕೆಟ್ಟಿದೆ ಎಂದುಕೊಂಡಿದ್ದ ಯಂತ್ರ ಕೆಟ್ಟೇ ಇರಲಿಲ್ಲ. ಒಳಗೆ ದೇವಿ ಇದ್ದಳು.

ಅಲ್ಲಿ ಒಳಗಿದ್ದ ಆ ಹೆಸರನ್ನು ದೂರದಿಂದಲೇ ಹೊರಗೆ ಕಳಿಸಲು ಒಂದೇ ಸಾಲು ಸಾಕಿತ್ತು. ಅಕ್ಕನಿಗೆ ಹಾಗೆಂದು ಹೇಳಿದೆ. ಅವರ ದನಿ ತಟ್ಟನೆ ಬಿಗಿಯಾಯಿತು. ಪೂಜೆ ಇನ್ನೂ ಕದಲಿಸಿಲ್ಲ, ನಾಳೆ ಆಫೀಸು ತೆರೆದ ಮೇಲೆ ಸಾರ್ ಬಂದು ಕದಲಿಸುತ್ತಾರೆ, ಅಲ್ಲಿವರೆಗೂ ಮುಟ್ಟಬಾರದು ಎಂದರು. ನಾನು ಅಂಥ ದೈವಭಕ್ತೆಯಲ್ಲ. ಗುಂಡಿ ಒತ್ತಿದ್ದರೆ ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ಆ ಪೂಜೆ ನನ್ನ ಯಂತ್ರಕ್ಕೆ ಮಾಡಿದ್ದು, ಪ್ರೀತಿಯಿಂದ ಮಾಡಿದ್ದು. ನಾನು ವಿಷಯ ಹೇಳಿದೆ. ಕೋಣನಕುಂಟೆ, ಸೂಟ್‌ಕೇಸ್, ನಾಳೆಯ ಗಡುವು, ಎಲ್ಲ. ಹೇಳುತ್ತಾ ಮತ್ತೆ ಅಳು ಬಂತು.

ಅಕ್ಕ ಹಿಂದಿನ ಮಕ್ಕಳನ್ನು ಗದರಿಸಿ ಹೇಳಿದರು, "ನೀವೇ ಕದಲಿಸ್ಬಿಡಿ ಮೇಡಂ. ಎರಡು ಕಾಳು ಅಕ್ಷತೆ ಹಾಕಿ, ಹೋಗ್ಬಾ ತಾಯಿ ಅಂದು, ಆಮೇಲೆ ಅದೇನೋ ಒತ್ತಿ. ತಾಯಿಗೂ ಗೊತ್ತಾಗುತ್ತೆ."

ಅಡುಗೆಮನೆಗೆ ಹೋಗಿ ಅಕ್ಕಿಗೆ ಅರಿಸಿನ ಬೆರೆಸಿ ತಂದೆ. ಲ್ಯಾಪ್‌ಟಾಪಿನ ಮೇಲೆ ಎರಡು ಕಾಳು ಹಾಕಿದೆ. ಹೋಗಿ ಬಾ ತಾಯಿ ಎಂದೆ, ನಿಜವಾಗಿಯೇ ಗಟ್ಟಿಯಾಗಿ ಎಂದೆ. ಒತ್ತಿದೆ. ಮತ್ತೆ ಒಳಗೆ ಯಾರಿದ್ದಾರೆ ಎಂದು ಕೇಳಿದೆ. ಈ ಸಲ ಒಂದೇ ಸಾಲು. ದೊಡ್ಡ ದಾರಿಯಿಂದ ಹೋದೆ. ನೀಲಿ ಪರದೆ ಬಂತು, ಚಿಹ್ನೆಗಳೆಲ್ಲ ಬಂದವು. ಕೀಲಿಗಳ ಸಂದಿಗೆ ಜಾರಿದ ಒಂದು ಅಕ್ಕಿಕಾಳು ಇವತ್ತಿಗೂ ಅಲ್ಲೇ ಇದೆ.

ಈಗ ಶಬ್ದ. ಭೂಗೋಳದ ಬಾಕಿ ಪಾಠ ತೆರೆದೆ, ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಂಡೆ. ಇಯರ್‌ಫೋನ್ ಹುಡುಕುವ ವ್ಯವಧಾನ ಇರಲಿಲ್ಲ. ಗುಂಡಿ ಒತ್ತಿದೆ. ಒಂದು ಉಸಿರು ಕೇಳಿಸಿತು, ಪುಟ ತಿರುಗಿಸಿದ ಸದ್ದು, ಆಮೇಲೆ ಅವರ ದನಿ. ದಕ್ಷಿಣ ಭಾರತದ ನದಿಗಳು. ನಮ್ಮ ಹಾಲ್‌ನಲ್ಲಿ, ನಾಲ್ಕು ತಿಂಗಳ ಮೇಲೆ, ಅದೇ ಸಲಿಗೆಯ ದನಿ. ನಿಲ್ಲಿಸಬೇಕು ಅನಿಸಿತು, ಅವರ ಎದುರು ಅವರ ದನಿಯನ್ನೇ ಹಾಕುವುದು ಎಂಥ ಕ್ರೂರ ಕೆಲಸ ಅನಿಸಿತು. ತಿರುಗಿ ನೋಡಿದರೆ ಅವರು ತಲೆ ಸ್ವಲ್ಪ ವಾಲಿಸಿ ಕೂತಿದ್ದರು. ಗಡುವು ನೆನಪಾಗಿ ಮುಂದುವರಿಸಿದೆ.

ಮೂರನೇ ನಿಮಿಷದಲ್ಲಿ ಅವರು ಒಂದು ಕಡೆ ತಡವರಿಸಿದ್ದರು. ರೆಕಾರ್ಡಿಂಗಿನಲ್ಲಿ ಟಕ್ ಎಂದಿತು. ಅದರ ಜೊತೆಗೇ ನನ್ನ ಬೆನ್ನ ಹಿಂದೆ ಇನ್ನೊಂದು ಸದ್ದು, ಮೆತ್ತಗೆ. ಮನೆಯಲ್ಲಿ ಮಾರ್ದನಿ ಬರುತ್ತಿದೆ ಎಂದುಕೊಂಡೆ. ತಪ್ಪು ವಾಕ್ಯ ಕತ್ತರಿಸಿ ಮುಂದೆ ಹೋದೆ.

ಎಂಟನೇ ನಿಮಿಷ. ಕಾವೇರಿಯ ಉಪನದಿಗಳು. ಓದು ನುಣ್ಣಗೆ ಹೋಗುತ್ತಿತ್ತು, ಗೆರೆಯಲ್ಲಿ ಎಲ್ಲೂ ಟಕ್ ಇಲ್ಲ. ನನ್ನ ಬೆನ್ನ ಹಿಂದೆ ಟಕ್ ಎಂದಿತು. ನಾನು ನಿಲ್ಲಿಸಿದೆ. ತಿರುಗಿದೆ. ಅವರ ಎಡಗೈ ಕುರ್ಚಿಯ ಮರದ ತೋಳಿನ ಮೇಲಿತ್ತು, ನಡುಬೆರಳು ಮಡಚಿತ್ತು. ನಾನು ಪುಸ್ತಕ ನೋಡಿದೆ. ಹತ್ತು ಸೆಕೆಂಡು ಹಿಂದಕ್ಕೆ ಹೋಗಿ, ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಮತ್ತೆ ಕೇಳಿದೆ. ಒಂದು ಪೂರ್ತಿ ಸಾಲು ಬಿಟ್ಟು ಓದಿದ್ದರು. ಅವತ್ತು ಗಾಜಿನ ಗೂಡಿನಲ್ಲಿ ಅದು ಅವರಿಗೇ ಗೊತ್ತಾಗಿರಲಿಲ್ಲ. ಈಗ ನನಗೂ ಗೊತ್ತಾಗಿರಲಿಲ್ಲ.

ಮನಸ್ಸು ಹಿಂದಕ್ಕೆ ಓಡುತ್ತಿತ್ತು. ಬೆಳಿಗ್ಗೆಯ ಸೂಟ್‌ಕೇಸ್, ಟೀವಿಯ ಮೇಲಿಟ್ಟ ಕನ್ನಡಕ, ಸೊಳ್ಳೆ ಎಂದುಕೊಂಡು ಹಾಕಿದ ಫ್ಯಾನು. ಪಕ್ಕಕ್ಕೆ ಸರಿಸಿದ ಚಮಚ. ನಾಲ್ಕು ತಿಂಗಳು ಆ ಹಾಲ್‌ನಲ್ಲಿ ನಿಂತು ನಾನು ಅಕ್ಕತಂಗಿಯರಿಗೆ, ಆಂಟಿಗೆ, ಡಾಕ್ಟರಿಗೆ, ಕೋಣನಕುಂಟೆಗೆ ಹೇಳಿದ ಒಂದೊಂದು ಮಾತೂ. ಎಷ್ಟು ಸಲ ಟಕ್ ಎಂದಿದ್ದರೋ.

ಫೋನ್ ಹೊಡೆದುಕೊಂಡಿತು. ಕೋಣನಕುಂಟೆಯ ಮ್ಯಾನೇಜರ್, ನಾಳೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದರು. ಐದು ನಿಮಿಷ ಬಿಟ್ಟು ಮಾಡುತ್ತೇನೆ ಎಂದೆ.

ಕುರ್ಚಿಯ ಮುಂದೆ ನೆಲದ ಮೇಲೆ ಕೂತೆ. ನಿನ್ನೆ ನಾನು ಹೇಳಿದ್ದು ಕೇಳಿಸಿತಾ ಎಂದು ಕೇಳುವ ಧೈರ್ಯ ಬರಲಿಲ್ಲ. ಅದರ ಬದಲು ಆ ಮಾತನ್ನೇ ಮತ್ತೆ ಹೇಳಿದೆ, ಅವರ ಮುಖ ನೋಡಿಕೊಂಡು, ಪುಸ್ತಕ ಓದುವ ಹಾಗೆ. "ಅವ್ರಿಗೆ ಎಲ್ಲಿದ್ರೂ ಒಂದೇ ಬಿಡಿ. ಏನೂ ಗೊತ್ತಾಗಲ್ಲ."

ಅವರು ನನ್ನನ್ನೇ ನೋಡುತ್ತಿದ್ದರು. ಹಿಂದಿನ ಗೋಡೆಯನ್ನಲ್ಲ. ಬೆರಳು ಮಡಚಿತು, ಎದ್ದಿತು, ಕುರ್ಚಿಯ ತೋಳಿಗೆ ಬಿತ್ತು. ಟಕ್.

ಟಕ್ ಬಿದ್ದ ಮೇಲೆ ವಾಕ್ಯವನ್ನು ಮೊದಲಿಂದ ಓದಬೇಕು. ಅಲ್ಲೇ ಕೂತು ಕೋಣನಕುಂಟೆಗೆ ಫೋನ್ ಮಾಡಿದೆ. ಹಾಸಿಗೆ ಬೇರೆಯವರಿಗೆ ಕೊಡಿ ಎಂದೆ. "ಅವ್ರಿಗೆ ಎಲ್ಲಾ ಗೊತ್ತಾಗುತ್ತೆ. ಮನೇಲೇ ಇರ್ತಾರೆ." ಫೋನ್ ಇಟ್ಟು, ಅವರ ಬೆರಳನ್ನೇ ನೋಡುತ್ತಾ ಕಾದೆ. ಅದು ಏಳಲಿಲ್ಲ.